ಹಿಡಿಕೆ ಕೂರಬೇಕಾದ ಗೋಡೆ

ನಾರಾಯಣಗೂಡದ ನಮ್ಮ ಹಳೆಯ ಮನೆಯ ಬಚ್ಚಲಿನಲ್ಲಿ ಒಂದು ಸಿಮೆಂಟಿನ ತೊಟ್ಟಿಯಿತ್ತು. ಅತ್ತೆಯವರು ಬೆಳಿಗ್ಗೆ ನಳ ಬಿಟ್ಟರೆ ನೀರು ಅಂಚು ಮೀರಿ ಗೋಡೆಗುಂಟ ಇಳಿಯುವ ತನಕ ನಿಲ್ಲಿಸುತ್ತಿರಲಿಲ್ಲ. ಉಕ್ಕಿ ಹರಿದರೆ ಮಾತ್ರ ನಿನ್ನೆಯ ಮೈಲಿಗೆ ಹೋಗಿ ಅದು ಮಡಿನೀರಾಗುತ್ತದೆ ಎಂಬುದು ಅವರ ಪದ್ಧತಿ. ಮದುವೆಯಾದ ಹೊಸದರಲ್ಲಿ ಆ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು.

ಅವರ ಮೊಣಕಾಲಿನ ಆಪರೇಷನ್ ಆದಾಗ, ಆಸ್ಪತ್ರೆಯಿಂದ ಬರುವುದರೊಳಗೆ ಬಚ್ಚಲು ಸರಿಮಾಡಿಸಲು ಹೊರಟೆವು. ಎತ್ತರದ ಕಮೋಡು, ಜಾರದ ಟೈಲ್ಸು, ಹಿಡಿದು ಏಳಲು ಗೋಡೆಗೊಂದು ಸ್ಟೀಲಿನ ಹಿಡಿಕೆ. ತೊಟ್ಟಿ ಒಡೆದು ಗಿಲಾವು ಕೆತ್ತಿದರೆ, ಹಿಂದಿನ ಇಟ್ಟಿಗೆ ಚಹಾದಲ್ಲಿ ಅದ್ದಿದ ಉಸ್ಮಾನಿಯಾ ಬಿಸ್ಕತ್ತಿನ ಹಾಗಿತ್ತು. ಹಿಡಿಕೆ ಕೂರಬೇಕಾದದ್ದು ಅದೇ ಗೋಡೆಗೆ. ಕಮೋಡಿನ ಇನ್ನೊಂದು ಪಕ್ಕ ಬಾಗಿಲು, ಅಲ್ಲಿ ಹಿಡಿಕೆಗೆ ಜಾಗವಿರಲಿಲ್ಲ.

ಮೇಸ್ತ್ರಿ ಪೈಪುಗಳನ್ನೆಲ್ಲ ನೋಡಿದ. ಎಲ್ಲೂ ಸೋರುತ್ತಿರಲಿಲ್ಲ. "ಫಿಕರ್ ನಕ್ಕೋ ಕರೋ ಅಮ್ಮಾ," ಚಿಂತೆ ಬೇಡ ಎಂದ. ಮೇಲೆ ಟೈಲ್ಸು ಬಿದ್ದರೆ ಹಿಂದಿನದನ್ನು ಯಾರು ನೋಡುತ್ತಾರೆ ಎಂಬುದು ಅವನ ಸಮಾಧಾನ. ನಾನು ತಲೆಯ ಪಿನ್ನು ತೆಗೆದು ಇಟ್ಟಿಗೆಗಳ ಸಂದಿಗೆ ಒತ್ತಿದೆ. ಅರ್ಧಕ್ಕೆ ಹೋಯಿತು.

"ನಾಡ್ದ ಡಿಸ್ಚಾರ್ಜ್ ಅದ," ಎಂದರು ನಮ್ಮವರು. "ನಿನ್ನ ಚಿಂತಿ ಆ ಗ್ವಾಡಿಗಿಂತ ದಪ್ಪ ಅದ ನೋಡು."

"ಹಿಡಿಕಿ ಕಿತ್ತು ಅವರ ಕೈಗೇ ಬಂದ್ರ?"

ಗೋಡೆ ಒಣಗುವ ತನಕ ಕೆಲಸ ನಿಲ್ಲಿಸು ಎಂದು ಅವರೇ ಮೇಸ್ತ್ರಿಗೆ ಹೇಳಿದರು. ಆಸ್ಪತ್ರೆಗೆ ಹೋಗಿ ಅತ್ತೆಗೆ ಹೇಳುವ ಕೆಲಸ ಮಾತ್ರ ನನ್ನ ಪಾಲಿಗೇ ಬಂತು.

"ಅತ್ತೀ, ಇಲ್ಲಿಂದ ಸೀದಾ ಹಿಮಾಯತ್‌ನಗರಕ್ಕ ಹೋಗ್ರಿ, ಮಗಳ ಮನಿಗೆ. ನಮ್ಮ ಬಚ್ಚಲದ ಗ್ವಾಡಿ ಒಣಗಿಲ್ಲ."

"ಯಾಕ, ಪೈಪ್ ಒಡದದೇನು?"

ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತೆ. "ಪೈಪ್ ಛಲೋ ಅದರಿ. ತೊಟ್ಟಿ ಉಕ್ಕಿಸಿದ ನೀರೆಲ್ಲ ಇಟ್ಟಂಗಿ ಕುಡದಾವ."

"ಕಾನ್ವೆಂಟಿನಾಗ ಕಲತಾಕಿ. ಮಡಿನೀರಿಗೆ ಹೆಸರಿಡ್ತೀ."

"ನೀರಿಗಲ್ರಿ. ನೀವು ಬಿದ್ದೀರಿ ಅಂತ ಅಂಜಿಕಿ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. "ಅಳಿಯನ ಮನ್ಯಾಗ ಭಾಳ ದಿನ ಕೂಡೂದಿಲ್ಲ ನಾ. ಲಗೂ ಒಣಗಸು," ಎಂದರು.

ಒಣಗಿಸುವುದು ನನ್ನ ಕೈಯಲ್ಲಿತ್ತೇ? ಬಚ್ಚಲಿನ ಹೊಸ್ತಿಲಲ್ಲಿ ಟೇಬಲ್ ಫ್ಯಾನು ಹಚ್ಚಿಟ್ಟೆ. ಒಗ್ಗರಣೆಗೆ ಇಟ್ಟು ಹೋಗಿ ಗೋಡೆ ಮುಟ್ಟಿ ಬರುತ್ತಿದ್ದೆ. ಸಾಸಿವೆ ಸೀದು ಹೋಗುತ್ತಿತ್ತು. ಇಟ್ಟಿಗೆಯ ಮೇಲಿನ ಒದ್ದೆ ಕಲೆಯ ಅಂಚಿಗೆ ಬಿಳಿ ಉಪ್ಪು ಹತ್ತಿಯಂತೆ ಅರಳಿತು, ಅಂಚು ಒಳಗೆ ಸರಿಯಿತು, ನಡುವೆ ಮಾತ್ರ ಕಪ್ಪು ಹಾಗೇ ಉಳಿಯಿತು. ಸಂಜೆಯಾದರೆ ಅತ್ತೆಯ ಫೋನು: "ಒಣಗ್ತೇನು?" ಇನ್ನೂ ಇಲ್ಲ ಎನ್ನುವಾಗ, ಅವರನ್ನು ನಾನೇ ಮನೆಯಿಂದ ಹೊರಗಿಟ್ಟಿದ್ದೇನೆ ಅನ್ನಿಸಿ, ಫೋನಿಟ್ಟು ಹೋಗಿ ಫ್ಯಾನನ್ನು ಗೋಡೆಗೆ ಇನ್ನಷ್ಟು ಹತ್ತಿರ ಸರಿಸುತ್ತಿದ್ದೆ.

ಕೊನೆಗೊಂದು ದಿನ ಪಿನ್ನು ಬಾಗಿತು, ಒಳಗೆ ಹೋಗಲಿಲ್ಲ. ಮೆತ್ತಗಾದ ಇಟ್ಟಿಗೆ ಬದಲಿಸಿ, ಹೊಸ ಗಿಲಾವು ಮಾಡಿ, ಟೈಲ್ಸು ಕೂರಿಸಿದರು. ಹಿಡಿಕೆಗೆ ನಾನೇ ಎರಡೂ ಕೈಯಿಂದ ಜೋತುಬಿದ್ದು ನೋಡಿದೆ. "ಸರ್ಕಸ್ಸಿಗೆ ಸೇರ್ಕೋ," ಎಂದರು ನಮ್ಮವರು.

ಅತ್ತೆ ಬಂದ ಮರುದಿನ ಬೆಳಿಗ್ಗೆ, ಚಿಲಕ ಹಾಕಬೇಡಿರೆಂದು ಹೇಳಿ ಹೊರಗೆ ನಿಂತೆ. ನಳ ಬಿಟ್ಟ ಸದ್ದು. ತೊಟ್ಟಿಯ ಬದಲಿಗೆ ಇಟ್ಟ ಬಕೆಟ್ಟು ತುಂಬಿತು, ಉಕ್ಕಿತು, ನೀರು ನೆಲದ ಜಾಲರಿಗೆ ಹರಿಯಿತು. ನಳ ನಿಂತಿತು. ಆಮೇಲೆ ಏನೂ ಕೇಳಲಿಲ್ಲ. ನನ್ನ ಕೈ ಬಾಗಿಲಿನ ಮೇಲೇ ಇತ್ತು.

ಅವರ ಉಂಗುರ ಸ್ಟೀಲಿಗೆ ತಾಗಿದ ಸದ್ದಾಯಿತು.

"ಬಾಗಲಾ ಯಾಕ ಕಾಯ್ತೀ? ಗಟ್ಟಿ ಅದ ನಿನ್ನ ಗ್ವಾಡಿ, ಹೋಗು."

ಅಡುಗೆಮನೆಯ ತನಕ ಹೋಗಿ, ಮತ್ತೆ ಬಂದು ನಿಂತೆ.