ಹೊಸ ಮೀನು ಮಾರುಕಟ್ಟೆಯ ಎತ್ತರದ ಕಟ್ಟೆ

ಸ್ನೇಹಿತರೇ, ಬೆಳಿಗ್ಗೆ ಬಂಗುಡೆ ಮೀನು ತರಲು ಹೋದವನು ಒಂದು ವಾಗ್ವಾದದ ನಡುವೆ ಸಿಕ್ಕಿಕೊಂಡೆ.

ನಮ್ಮೂರಿನ ಹೊಸ ಮೀನು ಮಾರುಕಟ್ಟೆ ಉದ್ಘಾಟನೆಯಾಗಿ ತಿಂಗಳಾಯಿತು. ಆದರೂ ಗಿರಿಜಕ್ಕ ರಸ್ತೆ ಬದಿಯಲ್ಲೇ ಬುಟ್ಟಿ ಇಟ್ಟುಕೊಂಡು ಮೀನು ಮಾರುತ್ತಾರೆ. ಇವತ್ತು ಪಂಚಾಯತ್‌ನ ಪಿಡಿಒ ಬಂದು, "ಅಮ್ಮ, ನಾಳೆಯಿಂದ ಒಳಗೇ ಕೂರಬೇಕು. ನಿರ್ಣಯ ಆಗಿದೆ" ಎಂದರು.

"ನಿರ್ಣಯ ಮಾಡುಕೆ ಮೊದ್ಲ್ ನಮ್ಮನ್ನ ಒಂದ್ ಮಾತ್ ಕೇಂಡ್ರಿಯಾ?" ಗಿರಿಜಕ್ಕ ಎದ್ದು ನಿಂತರು. "ಆ ಕಟ್ಟೆ ನನ್ನ ಸೊಂಟಕ್ಕೆ ಬತ್ತ್. ನಂಗೆ ಗಂಟ್ ನೋವ್. ದಿನಕ್ಕ್ ಹತ್ತ್ ಸಲ ಹತ್ತಿ ಇಳುಕೆ ಆತಿಲ್ಲ. ನೀವೇ ಒಂದ್ಸಲ ಹತ್ತಿ ಕೂಕಣಿ ಕಾಂಬ!"

ಸುತ್ತಲಿದ್ದವರು ನಕ್ಕರು. ಪಿಡಿಒ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಒಳಗೆ ಹೋಗಿ, ಚಪ್ಪಲಿ ಬಿಚ್ಚಿ, ಎರಡನೇ ಪ್ರಯತ್ನದಲ್ಲಿ ಟೈಲ್ಸ್ ಕಟ್ಟೆ ಹತ್ತಿ ಕೂತರು. ಒದ್ದೆಯಲ್ಲಿ ಪ್ಯಾಂಟು ನೆನೆಯಿತು. ಇಳಿಯುವಾಗ ಕಾಲು ಜಾರಿತು.

"ಹ್ವಾಯ್, ಜಾಗ್ರತೆ ಮರಾಯ್ರೆ!" ಎಂದು ಗಿರಿಜಕ್ಕ ಓಡಿಬಂದು ಅವರ ಕೈ ಹಿಡಿದುಕೊಂಡರು.

ಪಿಡಿಒ ಚಪ್ಪಲಿ ಹಾಕಿಕೊಂಡರು. "ಈ ಕಟ್ಟೆ ತಗ್ಗಿಸುವ ವಿಷಯವನ್ನು ಪಂಚಾಯತ್‌ನ ಮುಂದಿನ ಸಭೆಯಲ್ಲಿ ಇಡುತ್ತೇನೆ. ಅಲ್ಲಿಯವರೆಗೆ ನೀವು ಹೊರಗೇ ಕೂರಿ. ಸಭೆಗೆ ನೀವೂ ಬರಬೇಕು" ಎಂದರು.

"ಬತ್ತೆ. ಆರೆ ಅಲ್ಲೂ ಕೆಳಗೆ ಕೂಕಂಬುಕೆ ಜಾಗ ಇರ್ಕ್" ಎಂದರು ಗಿರಿಜಕ್ಕ.

ಆಡಳಿತ ನೆಲಕ್ಕಿಳಿಯಬೇಕು ಎಂಬ ಭಾಷಣ ಬಹಳ ಕೇಳಿದ್ದೇನೆ. ಇಳಿಯುವಾಗ ಕೈ ಹಿಡಿಯಲು ಒಬ್ಬ ಗಿರಿಜಕ್ಕ ಬೇಕು ಎಂದು ಇವತ್ತು ಗೊತ್ತಾಯಿತು.