ಡ್ರೈವ್ ಅಕ್ಕ

ಬಲಗೈಯಲ್ಲಿ ಒಂದೂ ಬಳೆ ಇಲ್ಲ. ಎಡಗೈಯಲ್ಲಿ ಮಾತ್ರ ಕೈತುಂಬ ಹಸಿರು ಗಾಜಿನ ಬಳೆ. ಆ ಎಡಗೈಯನ್ನು ಬೆನ್ನ ಹಿಂದೆ ಸೊಂಟಕ್ಕೆ ಒತ್ತಿಕೊಂಡು, ಬೋಳು ಬಲಗೈಯೊಂದನ್ನೇ ಕಬ್ಬಿಣದ ಪೆಟ್ಟಿಗೆಯೊಳಗೆ ಚಾಚಿ ನಿಂತಿದ್ದಳು. ನಾನು ಅವಳನ್ನು ಮೊದಲ ಸಲ ನೋಡಿದ್ದು ಹೀಗೆ, ಹಿಂದಿನಿಂದ.

ಮಾನ್ವಿಯಿಂದ ಸಿರವಾರದ ಕಡೆ ಹೋಗುವ ರಸ್ತೆಯ ಮೇಲಿನ ಅಕ್ಕಿ ಮಿಲ್ಲೊಂದರಲ್ಲಿ ನಾನು ಭತ್ತದ ಲಾರಿ, ಟ್ರ್ಯಾಕ್ಟರುಗಳನ್ನು ತೂಗಿ ಚೀಟಿ ಕೊಡುತ್ತೇನೆ. ಆಗಲೂ ಅದೇ ಕೆಲಸ, ಈಗಲೂ ಅದೇ. ನನ್ನ ಗಂಡ ಅದೇ ಮಿಲ್ಲಿನಲ್ಲಿ ಫಿಟ್ಟರ್. ಭತ್ತ ಹರವುವ, ಕಸ ಹೊಡೆಯುವ ಹೆಂಗಸರನ್ನು ಬಿಟ್ಟರೆ ಕುರ್ಚಿಯ ಮೇಲೆ ಕೂರುವ ಹೆಂಗಸು ನಾನೊಬ್ಬಳೇ ಆಗಿದ್ದೆ. ಆ ವರ್ಷ ನಮ್ಮ ಸಾಹುಕಾರರು ಮಿಲ್ಲಿನ ಮೋಟಾರುಗಳಿಗೆಲ್ಲ ಡ್ರೈವ್ ಹಾಕಿಸಲು ಮನಸ್ಸು ಮಾಡಿದರು. ಡ್ರೈವ್ ಎಂದರೆ ಮೋಟಾರು ಎಷ್ಟು ವೇಗದಲ್ಲಿ ತಿರುಗಬೇಕು, ಎಷ್ಟು ನಿಧಾನವಾಗಿ ಎದ್ದೇಳಬೇಕು ಎಂದು ಹೇಳಿಕೊಡುವ ಪೆಟ್ಟಿಗೆ. ಅದನ್ನು ಕೂರಿಸಿ, ಮೋಟಾರಿಗೆ ಹೊಂದಿಸಿ, ನಡೆಸಿ ತೋರಿಸಲು ರಾಯಚೂರಿನ ಡೀಲರ್ ಒಬ್ಬ ಇಂಜಿನಿಯರನ್ನು ಕಳಿಸುವುದಾಗಿ ಹೇಳಿದ್ದ. ಬಸ್ಸಿನಿಂದ ಇವಳು ಇಳಿದಳು. ಸಾಹುಕಾರರು ಅವಳ ಬೆನ್ನ ಹಿಂದೆ ಇಣುಕಿ, "ಇಂಜಿನಿಯರ್ ಎಲ್ಲಿ ಅದಾರವಾ?" ಎಂದು ಕೇಳಿದರಂತೆ. "ನಿಮ್ಮ ಮುಂದನ ನಿಂತೀನಲ್ರಿ" ಎಂದಳಂತೆ.

ನಾನು ಮೊದಮೊದಲು ಮೇಡಂ ಎನ್ನುತ್ತಿದ್ದೆ. "ಮೇಡಂ ಅನಬ್ಯಾಡ, ಮೈಯಾಗ ಇರುವಿ ಹರದಂಗ ಆಗ್ತಾದ" ಎಂದು ಬೈದ ಮೇಲೆ ಅಕ್ಕ ಎಂದೆ. ಸ್ವಲ್ಪ ದಿನಕ್ಕೆ ಮೂಟೆ ಹೊರುವ ಹಮಾಲರಿಂದ ಹಿಡಿದು ಸಾಹುಕಾರರವರೆಗೆ ಎಲ್ಲರ ಬಾಯಲ್ಲೂ ಅವಳು ಡ್ರೈವ್ ಅಕ್ಕ.

ಅವಳ ಕೈ ನೋಡಿ ಮಿಲ್ಲಿನ ಮುದುಕಿಯರಿಗೆ ಜೀವ ತಡೆಯಲಿಲ್ಲ. ಬೋಳು ಕೈಯಲ್ಲಿ ಮಿಲ್ಲಿಗೆ ಬರಬಾರದು ಎಂದು ಒಬ್ಬಳು ಎದುರಿಗೇ ಹೇಳಿದಳು. ಅಕ್ಕ ನಕ್ಕು, "ಎಡಗೈ ನಮ್ಮವ್ವನ ಸಮಾಧಾನಕ್ಕ, ಬಲಗೈ ನನ್ನ ಕೆಲಸಕ್ಕ ಬೇ" ಎಂದಳು. ಅವಳು ದೇವದುರ್ಗ ತಾಲೂಕಿನ ಜಾಲಹಳ್ಳಿಯವಳು. ಡಿಪ್ಲೊಮಾ ಓದಿ, ರಾಯಚೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಳು. ಮದುವೆ ಆಗಿರಲಿಲ್ಲ, ಯಾಕೆ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಿದ್ದಳು, ಒಂದೂ ನಿಜವಲ್ಲ. ಊರಿನಲ್ಲಿ ತಾಯಿ ಒಬ್ಬರೇ. ಪ್ರತಿ ಭಾನುವಾರ ಹೋಗಿ ಬರುತ್ತಿದ್ದಳು. ಬಳೆ ಹಾಕಿಕೊಳ್ಳುತ್ತೇನೆ ಎಂದು ತಾಯಿಗೆ ಕೊಟ್ಟ ಮಾತನ್ನು ಅರ್ಧ ನಡೆಸಿದ್ದಳು. ಎಡಗೈ ಬೆನ್ನ ಹಿಂದೆ ಯಾಕೆ ಎಂದು ನಾನು ಕೇಳಿದ್ದಕ್ಕೆ, "ಎರಡೂ ಕೈ ಒಳಗಿಟ್ಟರ ಕರೆಂಟು ಒಂದು ಕೈಯಾಗ ಹೊಕ್ಕು ಎದಿ ಹಾದು ಇನ್ನೊಂದು ಕೈಯಿಂದ ಹೊರಬೀಳ್ತಾದ. ಎದಿ ಒಂದ ಅದ ನೋಡು ನನಗ" ಎಂದಿದ್ದಳು.

ಅವಳ ಕೆಲಸದ ರೀತಿ ನೋಡುವವರ ತಾಳ್ಮೆ ಪರೀಕ್ಷಿಸುವಂಥದ್ದು. ಪೆಟ್ಟಿಗೆಯನ್ನು ಗೋಡೆಗೆ ಕೂರಿಸುವಾಗ ಮೇಲೆ ಒಂದು ಗೇಣು, ಕೆಳಗೆ ಒಂದು ಗೇಣು ಖಾಲಿ ಬಿಡಬೇಕು. ಅದಕ್ಕೆ ಉಸಿರಾಡಲು ಗಾಳಿ ಬೇಕು. ಮೋಟಾರಿನ ಮೈಮೇಲಿನ ತಗಡಿನ ಫಲಕದಲ್ಲಿ ಇರುವ ಅಂಕಿಗಳನ್ನು ಒಂದೊಂದಾಗಿ ಓದಿ ಡ್ರೈವಿಗೆ ತಿಳಿಸಬೇಕು. ನಮ್ಮ ಮಿಲ್ಲಿನಲ್ಲಿ ಆ ಫಲಕ ಓದುವುದೇ ಕಷ್ಟವಾಯಿತು. ಪ್ರತಿ ವರ್ಷ ಆಯುಧಪೂಜೆಗೆ ಮೋಟಾರುಗಳಿಗೆ ಹಸಿರು ಬಣ್ಣ ಬಳಿಸುವುದು ಸಾಹುಕಾರರ ಪದ್ಧತಿ, ಬಳಿಯುವವನು ಫಲಕವನ್ನೂ ಬಿಡುತ್ತಿರಲಿಲ್ಲ. ಅಕ್ಕ ನೆಲದ ಮೇಲೆ ಕೂತು ನಾಣ್ಯದಿಂದ ಬಣ್ಣ ಕೆರೆಯುತ್ತ, "ಇದು ಮೋಟಾರಿನ ಆಧಾರ್ ಕಾರ್ಡ್ ರೀ ಸಾವ್ಕಾರ್ರ. ಫೋಟೋದ ಮ್ಯಾಲ ಬಣ್ಣ ಹಚ್ಚಿ ಕುಂತೀರಿ" ಎಂದಳು. ಅಮಾವಾಸ್ಯೆಯ ದಿನ ಸಾಹುಕಾರರು ಹೊಸ ಡ್ರೈವುಗಳಿಗೂ ವಿಭೂತಿ ಹಚ್ಚಲು ಬಂದರು. ಅವರ ಬೆರಳು ನೇರ ಗಾಳಿ ಕಿಂಡಿಯ ಕಡೆಗೇ ಹೋಯಿತು. ಅಕ್ಕ ಅಡ್ಡ ಬಂದು, "ಬಾಗಲಿಗೆ ಹಚ್ರಿ ಯಪ್ಪಾ, ಮೂಗಿಗೆ ಹಚ್ಚಬ್ಯಾಡ್ರಿ" ಎಂದಳು. ಸಾಹುಕಾರರು ನಕ್ಕಿದ್ದನ್ನು ನಾನು ನೋಡಿದ್ದು ಅಪರೂಪ, ಅವತ್ತು ನಕ್ಕರು.

ಇನ್ನೊಂದು ಅಭ್ಯಾಸ. ಡ್ರೈವ್ ಬಿಚ್ಚಬೇಕಾದಾಗ ಮೇನ್ ಸ್ವಿಚ್ ತೆಗೆದು ಕರೆಂಟು ಬಂದ್ ಮಾಡಿ, ನನ್ನ ತೂಕದ ಕೋಣೆಗೆ ಬಂದು ಕೂತುಬಿಡುತ್ತಿದ್ದಳು. ಸ್ವಿಚ್ ತೆಗೆದ ಮೇಲೂ ಪೆಟ್ಟಿಗೆಯ ಹೊಟ್ಟೆಯೊಳಗೆ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ, ಒಳಗಿನ ಕೆಂಪು ದೀಪ ಆರುವ ತನಕ ಮುಟ್ಟಬಾರದು. ಹೊರಗೆ ಸಾಹುಕಾರರು ಗಡಿಬಿಡಿ ಮಾಡುತ್ತಿದ್ದರೆ ಇವಳು ಒಳಗೆ ನನ್ನ ಡಬ್ಬಿಯ ಶೇಂಗಾ ಚಟ್ನಿ ತಿನ್ನುತ್ತ, "ಸುಮ್ಮ ಕುಂದ್ರೂದೂ ಕೆಲಸಾನ ತಂಗಿ, ಇದಕ್ಕೂ ಪಗಾರ ಕೊಡ್ತಾರ" ಎನ್ನುತ್ತಿದ್ದಳು. ನಮ್ಮ ಸ್ನೇಹ ಬೆಳೆದದ್ದು ಆ ದೀಪ ಆರುವುದನ್ನು ಕಾಯುತ್ತ. ಗಂಡಸರಿಗೆ ಹೇಳಲಾಗದ ಎಷ್ಟೋ ಮಾತುಗಳನ್ನು ಅಲ್ಲಿ ಆಡಿದ್ದೇವೆ. ಮದುವೆಯಾಗಿ ವರ್ಷಗಳಾದರೂ ನನಗೆ ಮಕ್ಕಳಾಗಿರಲಿಲ್ಲ, ಅದರ ಸಂಕಟವನ್ನು ಪೂರ್ತಿ ಕೇಳಿಸಿಕೊಂಡವಳು ಅವಳೊಬ್ಬಳೇ. ಉಪದೇಶ ಮಾಡಲಿಲ್ಲ, ಯಾವ ದೇವರ ಹೆಸರನ್ನೂ ಹೇಳಲಿಲ್ಲ. ಬರೀ ಕೇಳಿಸಿಕೊಂಡಳು.

ಜಗಳ ಹುಟ್ಟಿದ್ದು ಎಲಿವೇಟರಿನ ವಿಷಯಕ್ಕೆ. ನೆಲದೊಳಗಿನ ಗುಂಡಿಯಿಂದ ಭತ್ತವನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಮಾಳಿಗೆಯ ಎತ್ತರಕ್ಕೆ ಒಯ್ಯುವ ಪಟ್ಟಿ ಅದು. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ ಹೇಳುವಂತಿಲ್ಲ. ಪ್ರತಿ ಸಲ ಬಂದಾಗಲೂ ಯಾರಾದರೂ ಹೋಗಿ ಒಂದೊಂದೇ ಮೋಟಾರನ್ನು ಶುರು ಮಾಡಬೇಕು. ಡ್ರೈವಿನಲ್ಲಿ ಒಂದು ಸೆಟ್ಟಿಂಗ್ ಇಟ್ಟರೆ ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿಯೇ ಶುರುವಾಗುತ್ತದೆ. ಸಾಹುಕಾರರಿಗೆ ಅದು ಬೇಕಿತ್ತು.

"ಹೊಟ್ಟು ಊದೋ ಫ್ಯಾನಿಗೆ ಇಡ್ತೀನ್ರಿ. ಎಲಿವೇಟರಿಗೆ ಇಡಂಗಿಲ್ಲ" ಎಂದಳು ಅಕ್ಕ.

"ಮಗ್ಗಲ ಮಿಲ್ಲಿನ್ಯಾಗ ಎಲ್ಲಾ ತಾನಾ ಶುರು ಆಗ್ತಾವ. ನಮಗ್ಯಾಕ ಆಗಬಾರ್ದು?"

"ಕರೆಂಟ್ ಹೋದಾಗ ನಿಮ್ಮ ಮಂದಿ ಎಲ್ಲಿ ಕೈ ಹಾಕ್ತಾರ ನೋಡೀರೇನ್ರಿ? ಗುಂಡಿಗೆ ಇಳೀತಾರ. ಕರೆಂಟ್ ಹೇಳಿ ಬರ್ತಾದೇನ್ರಿ?"

"ರೊಕ್ಕ ಕೊಡೋನು ನಾನವಾ."

"ಹಂಗಾರ ಬ್ಯಾರೆ ಯಾರನ್ನರ ಕರಸ್ರಿ. ನಾ ಇಡಂಗಿಲ್ಲ ಅಂದ್ರ ಇಡಂಗಿಲ್ಲ."

ಅಷ್ಟು ಹೇಳಿ ಚೀಲ ಹೆಗಲಿಗೇರಿಸಿ ರಸ್ತೆಗೆ ಹೋಗಿ ನಿಂತಳು. ಸುಗ್ಗಿ ತಲೆಯ ಮೇಲಿತ್ತು, ಬೇರೆಯವರು ಸಿಗುವಂತಿರಲಿಲ್ಲ. ಬಸ್ಸು ಬರುವ ಮೊದಲೇ ಸಾಹುಕಾರರು ಮುಖ ಗಂಟಿಕ್ಕಿಕೊಂಡು ಅವಳನ್ನು ಕರೆಸಿದರು. ಅವಳು ಬಂದು ಸುಮ್ಮನಿರಲಿಲ್ಲ. ಎಲಿವೇಟರಿಗೆ ಮೊದಲಿನಿಂದ ಇದ್ದದ್ದು ತಿರುಗಿಸುವ ಸ್ವಿಚ್. ಒಮ್ಮೆ ತಿರುಗಿಸಿಟ್ಟರೆ ಕರೆಂಟು ಹೋದರೂ ಹಾಗೆಯೇ ಇರುವಂಥದ್ದು. ಅದನ್ನು ಕಿತ್ತು, ಪ್ರತಿ ಸಲ ಬೆರಳಿನಿಂದ ಒತ್ತಲೇಬೇಕಾದ ಗುಂಡಿ ಕೂರಿಸಿದಳು. ಸೆಟ್ಟಿಂಗಿಗೆ ಪಾಸ್‌ವರ್ಡ್ ಹಾಕಿದಳು.

ಇದರಿಂದ ಹೆಚ್ಚು ಸಿಟ್ಟಾದವರು ನಮ್ಮ ಮನೆಯವರು. ಕರೆಂಟು ಬಂದಾಗಲೆಲ್ಲ ಓಡಿ ಹೋಗಿ ಗುಂಡಿ ಒತ್ತುವವರು ಅವರೇ ತಾನೆ. ಮನೆಗೆ ಬಂದು ನನ್ನ ಮುಂದೆ, "ನಿಮ್ಮಕ್ಕ ಲಕ್ಷ ರೂಪಾಯಿ ಮಿಷನ್ ಹಾಕಿ ನನ್ನ ಕಾಲ ತೇಯಸಾಕತ್ತಾಳ" ಎಂದು ಗೊಣಗುತ್ತಿದ್ದರು. ಅಕ್ಕನ ಕಿವಿಗೆ ಅದು ಬಿತ್ತು. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದ ಎಲ್ಲರ ಮುಂದೆ ಹೇಳಿದಳು: "ಊರಿಗೆ ಹೊಂಟೋರು ಹೋಗ್ತೀನಿ ಅಂತಾರೇನು? ಬರ್ತೀನಿ ಅಂತಾರ. ಕರೆಂಟೂ ಹಂಗ. ಅದು ಹೋಗಿಲ್ಲ, ಬರ್ತೀನಿ ಅಂದದ." ಹಮಾಲರಿಗೆ ಈ ಮಾತು ಹಿಡಿಸಿತು. ಅಂದಿನಿಂದ ನಮ್ಮ ಮಿಲ್ಲಿನಲ್ಲಿ ದೀಪ ಆರಿದರೆ ಯಾರೋ ಒಬ್ಬರು ಕೂಗುವುದು, "ಕರೆಂಟ್ ಬರ್ತೀನಿ ಅಂತಪ್ಪೋ!" ನಮ್ಮವರೂ ಕೂಗುತ್ತಿದ್ದರು, ಅಣಕಿಸಿ.

ಸುಗ್ಗಿಯ ನಡುವಿನ ಒಂದು ಮಧ್ಯಾಹ್ನ. ಕರೆಂಟು ಹೋಗಿತ್ತು. ಭತ್ತದ ಜೊತೆ ಬಂದ ಗೋಣಿ ಹುರಿ ಎಲಿವೇಟರಿನ ಬುಡದ ಗಾಲಿಗೆ ಸುತ್ತಿಕೊಂಡಿದೆ ಎಂದು ನಮ್ಮವರು ಗುಂಡಿಗೆ ಇಳಿದರು. ಮೇನ್ ಸ್ವಿಚ್ ತೆಗೆಯಲಿಲ್ಲ. ಕರೆಂಟೇ ಇಲ್ಲ, ತೆಗೆಯುವುದೇನು ಎಂಬ ಧೈರ್ಯ. ಇಳಿಯುವಾಗ ನನ್ನ ಕಿಟಕಿಯ ಮುಂದೆ ಹಾದು, ಊಟಕ್ಕೆ ಕಾಯಬೇಡ ಎಂದು ಕೈ ಮಾಡಿ ಹೋಗಿದ್ದರು.

ನನ್ನ ಮೇಜಿನ ಮೇಲಿನ ತೂಕದ ಯಂತ್ರದಲ್ಲಿ ಕೆಂಪು ಅಂಕಿಗಳು ಒಮ್ಮೆಲೇ ಹೊತ್ತಿಕೊಂಡವು. ತಲೆಯ ಮೇಲಿನ ಫ್ಯಾನು ತಿರುಗಿತು. ಮಿಲ್ಲಿನ ಒಳಗಿನಿಂದ ಹೊಟ್ಟು ಊದುವ ಫ್ಯಾನು ಎದ್ದ ಶಬ್ದ ಕೇಳಿಸಿತು. ಅದು ತಾನಾಗಿಯೇ ಶುರುವಾಗುವ ಫ್ಯಾನು. ನಾನು ಹೇಗೆ ಎದ್ದೆ, ಚಪ್ಪಲಿ ಎಲ್ಲಿ ಬಿಟ್ಟೆ ನೆನಪಿಲ್ಲ. ಓಡುವಾಗ ನಾನು ಕೇಳಿಸಿಕೊಳ್ಳಲು ಹೆದರುತ್ತಿದ್ದದ್ದು ಒಂದೇ, ಎಲಿವೇಟರಿನ ಡಬ್ಬಿಗಳ ಗಡಗಡ. ಅದು ಕೇಳಿಸಲಿಲ್ಲ. ಗುಂಡಿಯ ಬಾಯಿಗೆ ಹೋಗಿ ಬಗ್ಗಿದೆ. ನಮ್ಮವರು ಮಂಡಿಯೂರಿ ಕೂತಿದ್ದರು. ಎರಡೂ ಕೈ ಹೆಗಲಿನ ತನಕ ಎಲಿವೇಟರಿನ ಬುಡದೊಳಗೆ. ಒಳಗೆ ಹುರಿ ಮಣಿಕಟ್ಟಿಗೆ ಸುತ್ತಿಕೊಂಡಿತ್ತಂತೆ. ಬಿಡಿಸಿಕೊಳ್ಳಬೇಕು ಎಂಬುದೂ ತೋಚದೆ ಮೇಲೆ ನನ್ನ ಮುಖವನ್ನೇ ನೋಡುತ್ತಿದ್ದರು. ಗೋಡೆಯ ಮೇಲೆ ಡ್ರೈವಿನ ಪರದೆ ಮಿನುಗುತ್ತ, ಯಾರಾದರೂ ಗುಂಡಿ ಒತ್ತಲಿ ಎಂದು ಕಾಯುತ್ತಿತ್ತು.

ನಾನು ಅಲ್ಲಿಯೇ ಕೂತು ಬಾಯಿ ಬಿಟ್ಟು ಅತ್ತೆ. ಅಳುತ್ತಲೇ ಅಕ್ಕನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದದ್ದು ಬೈಗುಳ. "ಮೇನ್ ಯಾಕ ತಗೀಲಿಲ್ಲ ನಿನ್ನ ಗಂಡ? ನಾ ಹಾಕಿದ ಒತ್ತೋ ಗುಂಡಿ ನೆಚ್ಚಿಕೊಂಡು ಇಳದಾನೇನು? ಯಾರರ ಬಂದು ಒತ್ತಿದ್ರ ಏನ್ ಮಾಡ್ತಿದ್ದ?" ಮರುದಿನ ಮೊದಲ ಬಸ್ಸಿಗೇ ಬಂದಳು. ಮೇನ್ ಸ್ವಿಚ್ಚಿಗೆ ಬೀಗ ಹಾಕುವ ಕೊಂಡಿ ಜೋಡಿಸಿ, ಎಲ್ಲರನ್ನೂ ಸೇರಿಸಿ ನಮ್ಮವರ ಕಿಸೆಗೆ ಕೀಲಿಕೈ ತುರುಕಿದಳು. "ಗುಂಡಿಗೆ ಇಳಿಯೋನ ಕಿಸೆದಾಗನ ಇದು ಇರಬೇಕು. ಮರತ್ಯಾ, ಕಪಾಳಕ್ಕ ಬಾರಸ್ತೀನಿ." ನಾಲ್ಕು ಮಂದಿಯ ಮುಂದೆ ಹೆಂಗಸಿನ ಕೈಯಲ್ಲಿ ಬೈಸಿಕೊಂಡ ನಮ್ಮವರು ತಲೆ ತಗ್ಗಿಸಿಕೊಂಡು ಹೋದರು. ಉಪಕಾರವಾಯಿತು ಎಂಬ ಒಂದು ಮಾತು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅಕ್ಕ ಮಿಲ್ಲಿಗೆ ಬಂದಾಗ ಚಹಾ ಮಾತ್ರ ತಾವೇ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿತ್ತು. ಅಕ್ಕನಿಗೆ ಇರಲಿಲ್ಲ. "ಗಂಡಸರು, ಇರಲಿ ಬಿಡು" ಎನ್ನುತ್ತಿದ್ದಳು.

ಮರುವರ್ಷ ನಮಗೆ ಮಗಳು ಹುಟ್ಟಿದಳು. ನೋಡಲು ಬಂದ ಅಕ್ಕ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಅಲುಗಾಡದೆ ಕೂತಳು. ಬಳೆ ತಾಗೀತೆಂದು ಎಡಗೈಯ ಬಳೆಗಳನ್ನೂ ಅವತ್ತು ತೆಗೆದಿಟ್ಟಿದ್ದಳು.

ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡದ್ದು ಮಗಳು ಶಾಲೆಗೆ ಹೋಗಲು ಶುರುಮಾಡಿದ ವರ್ಷ. ಹೈದರಾಬಾದಿಗೆ ಹೋಗಿ ಬಂದಳು. ಮತ್ತೆ ಹೋಗಿ ಬಂದಳು. ರಾಯಚೂರಿನ ಮನೆಯಲ್ಲಿ ಕೊನೆಯ ಸಲ ನೋಡಿದಾಗ ದನಿ ಪೂರ್ತಿ ಇಳಿದಿತ್ತು, ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಗಿತ್ತು. ತನ್ನ ಬೇನೆಯ ಬಗ್ಗೆ ಏನೂ ಹೇಳಲಿಲ್ಲ. "ಎಲಿವೇಟರಿನ ಸೆಟ್ಟಿಂಗಿಗೆ ಯಾರರ ಕೈ ಹಚ್ಚ್ಯಾರೇನು?" ಎಂದು ಕೇಳಿದಳು. ಇಲ್ಲಕ್ಕ ಎಂದೆ. ಸಮಾಧಾನವಾದವಳಂತೆ ದಿಂಬಿಗೆ ತಲೆ ಆನಿಸಿದಳು. ನನಗೆ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಬೀದಿಯಲ್ಲಿ ನಿಂತು ಅತ್ತು, ಮುಖ ತೊಳೆದುಕೊಂಡು ಮತ್ತೆ ಒಳಗೆ ಹೋದೆ.

ಅಕ್ಕನನ್ನು ಜಾಲಹಳ್ಳಿಯಲ್ಲಿ ಮಣ್ಣು ಮಾಡಿದರು. ನಾನು ಹೋಗಿ ಬಂದೆ. ಮಿಲ್ಲು ನಿಲ್ಲಿಸುವಂತಿರಲಿಲ್ಲವಾದ್ದರಿಂದ ನಮ್ಮವರಿಗೆ ಬರಲಾಗಲಿಲ್ಲ. ವಾರದ ನಂತರ, ನಾನು ಕರೆಯುವ ಮೊದಲೇ, "ಆಕಿ ಅವ್ವನ್ನ ಮಾತಾಡಿಸಿ ಬರೂಣು ನಡಿ" ಎಂದು ಅವರೇ ಅಂಗಿ ತೊಟ್ಟು ನಿಂತರು. ಮಗಳನ್ನೂ ಕರೆದುಕೊಂಡು ಹೋದೆವು.

ತಾಯಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಮಂಜಾಗಿತ್ತು. ಬಂದವರೆಲ್ಲ ಹೇಳುವ ಮಾತನ್ನೇ ನಾವೂ ಹೇಳಿದೆವು. "ನನ್ನ ಮಗಳು ಎಲ್ಲಾ ಊರಾಗ ಮಿಷನ್ ಚಾಲೂ ಮಾಡಾಕ ಹೋಗ್ತಿದ್ಲು, ಅಷ್ಟ ಗೊತ್ತು ನನಗ" ಎಂದರು ಆ ತಾಯಿ.

ಆಗ ನಮ್ಮವರು ಬಾಯಿ ಬಿಟ್ಟರು. ಗುಂಡಿಗೆ ಇಳಿದದ್ದು, ಹುರಿ ಕೈಗೆ ಸುತ್ತಿಕೊಂಡದ್ದು, ಕರೆಂಟು ಬಂದದ್ದು, ಒಂದೊಂದನ್ನೂ ಹೇಳಿದರು. ಮನೆಯಲ್ಲಿ ನನ್ನ ಹತ್ತಿರವೂ ಅವರು ಆ ದಿನದ ಬಗ್ಗೆ ಇಷ್ಟು ಮಾತಾಡಿರಲಿಲ್ಲ. ತಾಯಿ ಕತ್ತು ಮುಂದೆ ಚಾಚಿ ಕೇಳಿಸಿಕೊಳ್ಳುತ್ತಿದ್ದರು. ಮುಗಿದಾಗ ಅವರ ಮುಖದಲ್ಲಿ ಗಾಬರಿ ಕಾಣಿಸಿತು.

"ಕರೆಂಟ್ ಬಂದ್ರೂ ಮಿಷನ್ ಚಾಲೂ ಆಗಲಿಲ್ಲೇನಪಾ? ನನ್ನ ಮಗಳು ಮಾಡಿದ್ದು ಕೆಟ್ಟಿತ್ತೇನು?"

"ಕೆಟ್ಟಿದ್ದಿಲ್ರಿ ಯವ್ವಾ" ಎಂದರು ನಮ್ಮವರು. "ಚಾಲೂ ಆಗಲಾರದಂಗನ ನಿಮ್ಮ ಮಗಳು ಮಾಡಿದ್ಲು. ಸಾವ್ಕಾರ ಬ್ಯಾಡಂದ್ರೂ ಮಾಡಿದ್ಲು, ನಾ ಬೈದ್ರೂ ಮಾಡಿದ್ಲು. ಅದಕ್ಕ ನಾ ಅದೀನಿ. ಇಕಿ ನನ್ನ ಮಗಳು ರೀ."

ತಾಯಿ ಕೈ ಚಾಚಿದರು. ಮಗಳನ್ನು ಮುಟ್ಟುತ್ತಾರೆ ಎಂದುಕೊಂಡು ನಾನು ಅವಳನ್ನು ಮುಂದೆ ತಳ್ಳಿದೆ. ಅವರು ನಮ್ಮವರ ಕೈಗಳನ್ನು ಹಿಡಿದುಕೊಂಡರು. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದನ್ನು ಸವರಿ, ಆಮೇಲೆ ಇನ್ನೊಂದನ್ನು ಸವರಿ, ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು, ನಾವು ಬಸ್ಸಿಗೆ ಹೊತ್ತಾಯಿತು ಎನ್ನುವ ತನಕ ಬಿಡಲಿಲ್ಲ.