ಬಾಯಿಮಾತಿನ ಗಂಟು

ನನ್ನ ಅಕ್ಕನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಗಂಟಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವಳಿಗೆ ಬೇಸರವಿರಲಿಲ್ಲ, ಒಳಗೊಳಗೆ ಹೆಮ್ಮೆಯೇ ಇತ್ತು. ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನೆಲಮಾಳಿಗೆಯಲ್ಲಿ ಬೀರುವಿನಷ್ಟು ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್ ಒಂದಿತ್ತು. ಅದನ್ನು ನೋಡಿಕೊಳ್ಳುವುದು ಅವಳ ಕೆಲಸ. ಅಲ್ಲಿ ಯಾವ ಕಾಲದಲ್ಲೂ ಚಳಿ. ಸ್ವೆಟರ್ ಹಾಕಿಕೊಂಡು, ಫ್ಯಾನುಗಳ ಸದ್ದನ್ನು ಮೀರಿಸಿ ಮಾತಾಡಿ ರೂಢಿಯಾಗಿ, ಮನೆಯಲ್ಲೂ ಜಗಳಕ್ಕೆ ನಿಂತವಳ ಹಾಗೆಯೇ ಮಾತಾಡುತ್ತಿದ್ದಳು. ಅಮ್ಮ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಎದ್ದು ಹೋಗುವುದು ನಮ್ಮಲ್ಲಿ ದಿನದ ತಮಾಷೆಯಾಗಿತ್ತು.

ಆ ಒಂದು ಕಂಪ್ಯೂಟರಿನೊಳಗೆ ನೂರಾರು ವರ್ಚುವಲ್ ಮಷೀನ್‌ಗಳು. ಕೈಗೆ ಸಿಗುವ ಯಂತ್ರಗಳಲ್ಲ. ಆದರೂ ಒಂದೊಂದೂ ತಾನೇ ಪೂರ್ತಿ ಕಂಪ್ಯೂಟರ್ ಎಂದುಕೊಂಡು ದುಡಿಯುತ್ತದೆ. ಲ್ಯಾಬಿಗೊಂದು, ಔಷಧ ವಿಭಾಗಕ್ಕೊಂದು, ವಾರ್ಡಿಗೊಂದು. ಒಂದೇ ಸೂರಿನಡಿ ಇದ್ದೂ ಮುಖ ನೋಡದ ದಾಯಾದಿಗಳ ಹಾಗೆ ಅವಕ್ಕೆ ಒಂದರ ಗುರುತು ಇನ್ನೊಂದಕ್ಕಿಲ್ಲ. ಮಾತಾಡಬೇಕೆಂದರೆ ಎಲ್ಲವನ್ನೂ ಒಂದೇ ನೆಟ್‌ವರ್ಕಿಗೆ ಸೇರಿಸಬೇಕು. ಅದಕ್ಕೂ ತಂತಿ ಗಿಂತಿ ಇಲ್ಲ. ಒಳಗೇ ಇರುವ, ಮಷೀನ್‌ಗಳನ್ನು ಒಂದಕ್ಕೊಂದು ಜೋಡಿಸುವ, ಕಣ್ಣಿಗೆ ಕಾಣದ ಸ್ವಿಚ್ಚಿಗೆ ‘ಇಂಥ ಮಷೀನನ್ನು ಸೇರಿಸಿಕೋ’ ಎಂದು ಅಪ್ಪಣೆ ಕೊಡಬೇಕು, ಅಷ್ಟೆ. ಅಕ್ಕ ಇದನ್ನೇ ಗಂಟು ಹಾಕುವುದು ಎನ್ನುತ್ತಿದ್ದಳು.

ಗಂಟು ಹಾಕಲು ಎರಡು ದಾರಿ. ಕೀಬೋರ್ಡಿನಲ್ಲಿ ಒಂದು ಸಾಲು ಹೊಡೆದರೆ ಅಪ್ಪಣೆ ತಕ್ಷಣ ನಡೆಯುತ್ತದೆ, ಆದರೆ ದೊಡ್ಡ ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಅದು ಅಳಿಸಿಹೋಗುತ್ತದೆ. ಕಾಯಂ ಆಗಬೇಕಾದರೆ ಕಂಪ್ಯೂಟರ್ ಏಳುವಾಗ ಓದಿಕೊಳ್ಳುವ ಫೈಲಿನಲ್ಲಿ ಅದನ್ನು ಬರೆದಿಡಬೇಕು. ಆ ಫೈಲು ಮುಟ್ಟಲು ಒಂದು ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯ ಬಗ್ಗೆ ನಾನು ಬಾಯಿ ಬಿಡದಿರುವುದೇ ಒಳ್ಳೆಯದು. ಸಭೆ ಸೇರುವುದಕ್ಕೇ ತಿಂಗಳುಗಟ್ಟಲೆ ಮೀನಮೇಷ ಎಣಿಸುತ್ತಿದ್ದ ಮಹಾನುಭಾವರು ಅವರು. ಇತ್ತ ವಾರ್ಡಿನವರು ಬಂದು, ಗಂಟಕ್ಕಾ, ಇವತ್ತೇ ಆಗಬೇಕು ಎಂದು ದುಂಬಾಲು ಬೀಳುತ್ತಿದ್ದರು. ಅಕ್ಕ ಕೂತಲ್ಲೇ ಕೀಬೋರ್ಡಿನಲ್ಲಿ ಒಂದು ಸಾಲು ಹೊಡೆದು, ಫೈಲಿಗೆ ಬರೆಯದ ಬಾಯಿಮಾತಿನ ಗಂಟು ಹಾಕಿ ಕಳಿಸುತ್ತಿದ್ದಳು. ಬರೆದಿಡುವುದು ಆಮೇಲೆ ನೋಡಿಕೊಂಡರಾಯಿತು. ಆ ಕಂಪ್ಯೂಟರನ್ನು ವರ್ಷಗಟ್ಟಲೆ ಯಾರೂ ಆರಿಸುತ್ತಿರಲಿಲ್ಲ, ಹಾಗಾಗಿ ಆ ‘ಆಮೇಲೆ’ ಬರಲೇ ಇಲ್ಲ. ಲ್ಯಾಬಿಗೆ ಹೊಸ ಮಷೀನ್ ಕೊಟ್ಟಾಗಲೂ ಹೀಗೇ ಆಯಿತು. ಅಕ್ಕನ ಕೈಚಳಕವನ್ನು ಊರೆಲ್ಲ ಹೊಗಳಿತು, ಹೊಗಳಿಕೆ ಅವಳಿಗೂ ರುಚಿಸಿತು.

ಅಪ್ಪನ ಕಿಡ್ನಿ ಸೋಲುತ್ತ ಬಂದು, ಅದೇ ಆಸ್ಪತ್ರೆಯ ಮೂರನೇ ಮಹಡಿಗೆ ಸೇರಿಸಿದೆವು. ಅಕ್ಕ ಎಂದೂ ರಜೆ ಹಾಕದವಳು ರಜೆ ಹಾಕಿ ಹಾಸಿಗೆಯ ಪಕ್ಕ ಕುಳಿತಳು. ಅಪ್ಪನ ಉಗುರು ಕತ್ತರಿಸಿದಳು, ಪೇಪರ್ ಓದಿ ಹೇಳಿದಳು. ನರ್ಸ್ ಬಂದು ಸ್ವಲ್ಪ ಮೆಲ್ಲಗೆ ಓದಿ ಎಂದು ಕೇಳಿಕೊಂಡಾಗ ಅಪ್ಪ ನಕ್ಕರು. ಅವರು ನಕ್ಕದ್ದು ಅದೇ ಕೊನೆ.

ಮರುದಿನ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಕರೆಂಟಿನವರು ಹಳೆಯ ಬೋರ್ಡು ಬದಲಾಯಿಸಿದರು. ಅದಕ್ಕಾಗಿ ದೊಡ್ಡ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು. ಆ ದಿನ ಗೊತ್ತುಮಾಡಿದ್ದು ಅಕ್ಕನಿಗೆ ತಿಳಿದಿತ್ತು, ಅಪ್ಪನ ಗಡಿಬಿಡಿಯಲ್ಲಿ ಮರೆತಿದ್ದಳು. ಅವಳ ಬದಲಿಗೆ ಕುಳಿತಿದ್ದ ಸಹೋದ್ಯೋಗಿ ಬರೆದಿಟ್ಟಂತೆ ಎಲ್ಲ ಮಾಡಿದ. ಮಷೀನ್‌ಗಳೆಲ್ಲ ಎದ್ದವು. ಲ್ಯಾಬಿನದೂ ಎದ್ದಿತು, ತನ್ನಷ್ಟಕ್ಕೆ ತಾನು ಓಡುತ್ತಿತ್ತು. ಯಾರ ಜೊತೆಗೂ ಸೇರಿಲ್ಲ ಎನ್ನುವುದು ಅವನ ಪರದೆಯಲ್ಲಿ ಕಾಣುವಂತಿರಲಿಲ್ಲ. ಅವನನ್ನು ಬೈಯಬೇಕೆಂದರೂ ನನಗೆ ಕಾರಣ ಸಿಗುವುದಿಲ್ಲ.

ಮಧ್ಯಾಹ್ನ ಅಪ್ಪನ ನಾಡಿ ಹದ ತಪ್ಪಿತು. ಡಾಕ್ಟರು ರಕ್ತ ತೆಗೆಸಿ ಲ್ಯಾಬಿಗೆ ಕಳಿಸಿದರು. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದು ತಿಳಿಯದೆ ಇಂಜೆಕ್ಷನ್ ಕೊಟ್ಟರೆ ಅದೇ ಮುಳುವಾಗಬಹುದು, ರಿಪೋರ್ಟ್ ಬಂದ ಕೂಡಲೇ ಕರೆಯಿರಿ ಎಂದು ಹೇಳಿ ಪಕ್ಕದ ವಾರ್ಡಿಗೆ ಓಡಿದರು. ನರ್ಸ್ ಪರದೆ ನೋಡುತ್ತ ನಿಂತಳು. ರಿಪೋರ್ಟ್ ಬರಲಿಲ್ಲ. ಅಕ್ಕ ಲ್ಯಾಬಿನವರಿಗೆ ಹಿಡಿಶಾಪ ಹಾಕತೊಡಗಿದಳು. ಕೊನೆಗೆ ನರ್ಸ್ ಮೇಜಿನ ಫೋನಿನಲ್ಲಿ ಲ್ಯಾಬಿಗೆ ಮಾತಾಡಿ, ರಿಸೀವರನ್ನು ಎದೆಗೊತ್ತಿಕೊಂಡು ಅಕ್ಕನ ಕಡೆ ತಿರುಗಿದಳು.

“ಕಳಿಸಿ ಆಗ್ಲೇ ತುಂಬಾ ಹೊತ್ತಾಯ್ತು ಅಂತಿದಾರೆ. ಇಲ್ಲಿಗೆ ಬಂದಿಲ್ಲ.”

ಅಕ್ಕ ಹಿಡಿಶಾಪವನ್ನು ಅರ್ಧಕ್ಕೇ ಬಿಟ್ಟಳು. ಇವತ್ತು ಕಂಪ್ಯೂಟರ್ ಆರಿಸಿದ್ದರಾ ಎಂದು ಕೇಳಿದಳು. ನರ್ಸ್ ಹೌದೆನ್ನುವಷ್ಟರಲ್ಲಿ ಅಕ್ಕ ಬಾಗಿಲು ದಾಟಿದ್ದಳು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು, ಸಹೋದ್ಯೋಗಿಯನ್ನು ಕುರ್ಚಿಯಿಂದ ಎಬ್ಬಿಸಿ, ಲ್ಯಾಬಿನ ಮಷೀನಿಗೆ ಅಪ್ಪಣೆ ಕೊಟ್ಟು ಜೋಡಿಸಿದಳಂತೆ. ಮೇಲೆ ನಾನಿದ್ದ ವಾರ್ಡಿನ ಪರದೆಯಲ್ಲಿ ಬೆಳಗಿನಿಂದ ಕಟ್ಟಿಕೊಂಡಿದ್ದ ರಿಪೋರ್ಟುಗಳು ದಬದಬನೆ ಇಳಿದವು. ಅಪ್ಪನದೂ ಬಂತು. ನರ್ಸ್ ಅಂಕಿ ನೋಡಿ ಡಾಕ್ಟರನ್ನು ಕರೆಯಲು ಓಡಿದಳು. ಅವರು ಬಂದು ಅಪ್ಪನ ಎದೆ ಒತ್ತುತ್ತಿದ್ದಾಗ ಅಕ್ಕ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ಆಗಲೇ ಎಲ್ಲ ಮುಗಿದಿತ್ತು.

ಆಸ್ಪತ್ರೆಯವರು ವಿಚಾರಣೆ ನಡೆಸಿ, ತಾಂತ್ರಿಕ ಕಾರಣ ಎಂದು ತಿಪ್ಪೆ ಸಾರಿಸಿದರು. ಸಮಿತಿ ಮೊದಲ ಬಾರಿಗೆ ಲಗುಬಗೆಯಿಂದ ಸೇರಿ, ಹಳೆಯ ಗಂಟುಗಳನ್ನೆಲ್ಲ ಫೈಲಿಗೆ ಬರೆಯಲು ಒಪ್ಪಿಗೆ ಕೊಟ್ಟಿತು. ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಕ್ಕ ಮಾತ್ರ ಒಂದೊಂದೇ ಸಾಲು ಬರೆದು ಮುಗಿಸಿ ಬಂದಳು. ಮನೆಯಲ್ಲಿ ಅವಳ ದನಿ ಕೇಳುವುದೇ ನಿಂತುಹೋಯಿತು.

ಅಮ್ಮನಿಗೆ ಇದಾವುದೂ ಗೊತ್ತಿರಲಿಲ್ಲ. ಮಾತಾಡಿಸಲು ಬಂದವರ ಮುಂದೆಲ್ಲ, ಕೆಟ್ಟುಹೋಗಿದ್ದ ಕಂಪ್ಯೂಟರನ್ನು ನನ್ನ ದೊಡ್ಡ ಮಗಳೇ ಓಡಿಹೋಗಿ ಸರಿಮಾಡಿದಳು, ಇಲ್ಲದಿದ್ದರೆ ಇನ್ನೆಷ್ಟು ಜೀವ ಹೋಗುತ್ತಿತ್ತೋ ಎಂದು ಹೇಳುತ್ತಿದ್ದರು. ಅಕ್ಕ ಅಲ್ಲೇ ಕುಳಿತು ಕೇಳಬೇಕಾಗುತ್ತಿತ್ತು. ಒಂದು ದಿನ ಬಂದವರು ಹೋದ ಮೇಲೆ ಅವಳು ಅಮ್ಮನ ಎದುರು ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು: ಮಷೀನ್, ಅಪ್ಪಣೆ, ಬರೆಯದೆ ಬಿಟ್ಟ ಸಾಲು. ಲ್ಯಾಬಿನವರು ಅಂಕಿ ಕಳಿಸಿದ್ದೇವೆಂದು ನರ್ಸಿಗೆ ಫೋನಿನಲ್ಲೇ ಹೇಳಿದ್ದರು, ತಾನು ಹಾಕಿದ ಗಂಟು ನಿಲ್ಲದ್ದರಿಂದ ಅದು ಬರಲಿಲ್ಲ ಎಂದಳು. ಬೈಗುಳಕ್ಕೆ ತಯಾರಾಗಿ ತಲೆ ಬಗ್ಗಿಸಿದ್ದಳು. ಪಾಪ, ಬೈಗುಳವೇ ಅವಳಿಗೆ ಬೇಕಿತ್ತೇನೋ.

ಅಮ್ಮ ಬೈಯಲಿಲ್ಲ. ಏನೋ ಅರ್ಥವಾಗದವರ ಹಾಗೆ ಕೇಳಿದರು.

“ಲ್ಯಾಬಿನೋರು ಫೋನಲ್ಲೇ ಇದ್ರಲ್ಲ ಮಗಾ. ಎಷ್ಟಿದೆ ಅಂತ ಅವರನ್ನೇ ಕೇಳಬಹುದಿತ್ತಲ್ಲ?”

ಅಮ್ಮನ ಮಾತಿನಲ್ಲಿ ಕೊಂಕಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು. ಅಕ್ಕ ತಲೆಯೆತ್ತಿ ನೋಡಿದಳು. ಅಲ್ಲಿಯವರೆಗೆ ಅದು ಅವಳಿಗೆ ಹೊಳೆದೇ ಇರಲಿಲ್ಲ.